ಅಲರ್ಜಿ ಇದ್ದವರು ನಾಯಿ ಆರಿಸುವುದು ಹೇಗೆ: ದುಡ್ಡು ಕೊಡುವ ಮೊದಲು ಮಾಡಬೇಕಾದ ಕೆಲಸಗಳು

ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಐದಾರು ಮನೆಗಳಲ್ಲಿ ಒಂದೇ ಕಥೆ ನಡೆದಿದೆ. ಮನೆಯಲ್ಲಿ ಒಬ್ಬರಿಗೆ ಸೀನು, ಉಬ್ಬಸ. ಮಕ್ಕಳಿಗೆ ನಾಯಿ ಬೇಕೇ ಬೇಕು. ‘ಇದು ಕೂದಲು ಉದುರಿಸಲ್ಲ ಸಾರ್, ಅಲರ್ಜಿ ಬರೋದೇ ಇಲ್ಲ’ ಅಂದವರ ಮಾತು ನಂಬಿ ಬೆಳ್ಳಗಿನ, ಹತ್ತಿ ಉಂಡೆಯಂಥ ಮರಿ ತರುತ್ತಾರೆ. ಮೊದಲ ವಾರ ಎಲ್ಲರಿಗೂ ಖುಷಿ. ಮೂರನೇ ವಾರ ಮೂಗು ಕಟ್ಟುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಮರಿ ಯಾರದೋ ತೋಟದ ಮನೆ ಸೇರಿರುತ್ತದೆ. ಇಲ್ಲವೇ ಯಾರೂ ಇಲ್ಲದ ಹೊತ್ತಿನಲ್ಲಿ ಕುಂದುವಾಡ ಕೆರೆ ಕಡೆ ಬಿಟ್ಟು ಬಂದಿರುತ್ತಾರೆ.

ನಾನೂ ಅದೇ ಗುಂಪಿನವನು. ಕೆರೆ ಹತ್ತಿರ ಬಿಡಲಿಲ್ಲ ಅಷ್ಟೇ, ಹೊಳಲ್ಕೆರೆಯ ನಮ್ಮ ಅತ್ತೆ ಮನೆಗೆ ಕೊಟ್ಟೆ. ಎರಡು ವರ್ಷ ಬಿಟ್ಟು ಮತ್ತೆ ನಾಯಿ ತಂದಾಗ ಸರದಿ ಬದಲಿಸಿದೆ. ಮೊದಲ ಸಲ ನಾನು ಮರಿ ತಂದೆ, ಆಮೇಲೆ ಡಾಕ್ಟರ್ ಹತ್ತಿರ ಹೋದೆ, ಕೊನೆಗೆ ಮನೆ ಸರಿಮಾಡಿದೆ. ಎರಡನೇ ಸಲ ಡಾಕ್ಟರ್ ಮೊದಲು, ಮನೆ ಆಮೇಲೆ, ನಾಯಿ ಅದರ ನಂತರ, ದುಡ್ಡು ಕಟ್ಟಕಡೆಗೆ. ಈ ಬರಹ ಪೂರ್ತಿ ಆ ಸರದಿಯದ್ದೇ. ಒಂದು ಹಂತ ಹಾರಿದರೆ ಮುಂದಿನದ್ದರ ಫಲಿತಾಂಶ ನಂಬುವ ಹಾಗಿಲ್ಲ.

## ಶುರು ಮಾಡುವ ಮೊದಲು: ಯಾರು ಇಲ್ಲೇ ನಿಲ್ಲಬೇಕು

ಅಸ್ತಮಾ ಹಿಡಿತಕ್ಕೆ ಬಾರದವರು ಈಗ ನಾಯಿ ಯೋಚನೆ ಮಾಡಬೇಡಿ. ಹಿಡಿತಕ್ಕೆ ಬಂದಿಲ್ಲ ಅಂತ ಗೊತ್ತಾಗುವುದು ಹೇಗೆ? ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದೆ. ರಾತ್ರಿ ಕೆಮ್ಮಿ, ದಮ್ಮು ಕಟ್ಟಿ ಎಚ್ಚರವಾಗುತ್ತಿದೆ. ಹಿಂದಿನ ವರ್ಷ ನೆಬ್ಯುಲೈಸೇಶನ್‌ಗೆ ಆಸ್ಪತ್ರೆಗೆ ಓಡಿದ್ದಿರಿ. ಇವುಗಳಲ್ಲಿ ಒಂದಿದ್ದರೂ ಮೊದಲು ಚಿಕಿತ್ಸೆ ಸರಿಮಾಡಿಸಿಕೊಳ್ಳಿ. ಕೆಲವು ತಿಂಗಳು ಆರಾಮಾಗಿ ಕಳೆದ ಮೇಲೆ ಡಾಕ್ಟರನ್ನೇ ಕೇಳಿ. ಅವರು ಬೇಡ ಅಂದರೆ ಬೇಡ.

## ಏನೇನು ಬೇಕು

ಒಂದು ನೋಟ್‌ಬುಕ್. ಹಾಸಿಗೆ, ದಿಂಬಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್. ಒರೆಸುವ ಮಾಪ್. ಹಳೇ ಟವೆಲ್ ಎರಡು, ಮುಚ್ಚುವ ಪ್ಲಾಸ್ಟಿಕ್ ಚೀಲ ಎರಡು. ಉಬ್ಬಸದ ಇತಿಹಾಸ ಇದ್ದವರಿಗೆ ಪೀಕ್ ಫ್ಲೋ ಮೀಟರ್. ಇದು ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆ, ದೊಡ್ಡ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಏರ್ ಪ್ಯೂರಿಫೈಯರ್ ಆಮೇಲೆ ನೋಡೋಣ.

ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಮೂರು ತಿಂಗಳ ತಾಳ್ಮೆ. ಮಕ್ಕಳ ಹುಟ್ಟುಹಬ್ಬ ಇನ್ನು ಹತ್ತು ದಿನ ಇದೆ ಅಂತ ಹೊರಟರೆ ಕೆಟ್ಟಿರಿ.

## ಹಂತ 1: ಸೀನು ನಾಯಿಯದ್ದೇನಾ ಅಂತ ನೋಡಿ

ನಮ್ಮ ಕಡೆ ಸೀನುವುದಕ್ಕೆ ಕಾರಣಗಳಿಗೆ ಬರವಿಲ್ಲ. ಸಂತೇಬೆನ್ನೂರು ಕಡೆ ನಮ್ಮ ಮಾವನ ಮನೆಯಲ್ಲಿ ಒಂದು ಕರಿ ನಾಯಿ ಇತ್ತು. ನವೆಂಬರ್‌ನಲ್ಲಿ ಹೋದಾಗ ಅರ್ಧ ಗಂಟೆಯಲ್ಲಿ ಕಣ್ಣು ಕೆಂಪು, ಮೂಗು ಸೋರಿಕೆ. ನಾಯಿಯನ್ನೇ ಬೈದುಕೊಂಡು ಬಂದೆ. ಫೆಬ್ರವರಿಯಲ್ಲಿ ಮತ್ತೆ ಹೋದೆ. ಅದೇ ನಾಯಿ, ಅದೇ ಜಗಲಿ. ಎರಡು ಸೀನು ಬಂದಿರಬಹುದು ಅಷ್ಟೇ. ಏನು ಬದಲಾಗಿತ್ತು? ನವೆಂಬರ್‌ನಲ್ಲಿ ಮನೆ ಮುಂದೆಯೇ ಮೆಕ್ಕೆಜೋಳದ ಯಂತ್ರ ನಿಂತಿತ್ತು. ಕಾಳು ಬೇರೆ ಆಗುವಾಗ ಏಳುವ ಕೆಂಪು ಹೊಟ್ಟು ಅಂಗಳದ ತುಂಬ ಹಾರುತ್ತಿತ್ತು. ನಾಯಿ ಮೈಮೇಲೂ ಅದೇ ಕೂತಿತ್ತು.

ಹಾಗಾಗಿ ಎರಡು ವಾರ ನೋಟ್‌ಬುಕ್ ಬರೆಯಿರಿ. ದಿನಕ್ಕೆ ನಾಲ್ಕು ಸಾಲು ಸಾಕು: ಯಾವಾಗ ಸೀನು ಬಂತು, ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಹತ್ತಿರ ನಾಯಿ ಇತ್ತಾ. ಇವನ್ನು ಗಮನದಲ್ಲಿಡಿ:

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳದ ಒಕ್ಕಣೆ, ರಸ್ತೆ ಮೇಲೆ ಒಣಹಾಕಿದ ಕಾಳು. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ಹೂ ಬಿಡುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಇದು ಮೂಗಿಗೂ ಬರುತ್ತದೆ, ಚರ್ಮಕ್ಕೂ ಬರುತ್ತದೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಹೊಗೆ. ಚಿತ್ರದುರ್ಗದಲ್ಲಿ ಆಷಾಢದ ಗಾಳಿ. ಜೋಗಿಮಟ್ಟಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ?

ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಹತ್ತು ಹದಿನೈದು ಸೀನು ಬಂದು, ಹೊತ್ತೇರಿದ ಹಾಗೆ ಕಡಿಮೆಯಾದರೆ ಮೊದಲ ಅನುಮಾನ ಹಾಸಿಗೆಯ ಧೂಳುಹುಳದ ಮೇಲೆ. ಇದು ಕಣ್ಣಿಗೆ ಕಾಣದಷ್ಟು ಸಣ್ಣದು. ತೇವ ಜಾಸ್ತಿ ಇರುವ ಮಳೆಗಾಲದಲ್ಲಿ ಬೆಳೆಯುತ್ತದೆ.

ಸಾಮಾನ್ಯ ತಪ್ಪು: ಕಡಿತವನ್ನು ಅಲರ್ಜಿ ಅಂದುಕೊಳ್ಳುವುದು. ನಾಯಿ ಇರುವ ಮನೆಗೆ ಹೋಗಿ ಬಂದ ಮೇಲೆ ಕಾಲಿನ ಗಂಟಿನ ಸುತ್ತ ಮಾತ್ರ ತುರಿಸುವ ಕೆಂಪು ಗುಳ್ಳೆ ಎದ್ದರೆ ಅದು ಚಿಗಟ ಕಚ್ಚಿದ್ದಿರಬಹುದು. ಅಂಚು ಕೆಂಪಾಗಿ ದುಂಡಗೆ ಹರಡುವ ಕಲೆ ಹುಳುಕಡ್ಡಿ ಇರಬಹುದು. ಎರಡಕ್ಕೂ ಔಷಧಿ ಬೇರೆ. ನಾಯಿಗೂ ಔಷಧಿ ಬೇಕು.

## ಹಂತ 2: ಸರಿಯಾದ ಪರೀಕ್ಷೆ ಮಾಡಿಸಿ

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವ ಜಾಗ ಇದು. ನಾನೂ ಇಲ್ಲೇ ಬಿದ್ದೆ. ಒಂದು ಲ್ಯಾಬ್‌ಗೆ ಹೋಗಿ ‘ಅಲರ್ಜಿ ಟೆಸ್ಟ್’ ಅಂದೆ. ಟೋಟಲ್ ಐಜಿಇ ಮಾಡಿ ಕೊಟ್ಟರು, ಅಂದರೆ ಅಲರ್ಜಿ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್‌ನ ಒಟ್ಟು ಲೆಕ್ಕ. ಸಂಖ್ಯೆ ದೊಡ್ಡದಾಗಿತ್ತು. ಅದರಿಂದ ಗೊತ್ತಾಗುವುದು ಇಷ್ಟೇ: ನಿಮಗೆ ಯಾವುದೋ ಅಲರ್ಜಿ ಇರಬಹುದು. ಹೊಟ್ಟೆಯಲ್ಲಿ ಜಂತು ಇದ್ದರೂ ಆ ಸಂಖ್ಯೆ ಏರುತ್ತದೆ. ನಾಯಿಯ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ.

ನೀವು ಕೇಳಬೇಕಾದದ್ದು ಎರಡರಲ್ಲಿ ಒಂದು.

ಮೊದಲನೆಯದು ಸ್ಕಿನ್ ಪ್ರಿಕ್ ಟೆಸ್ಟ್. ಮುಂಗೈ ಮೇಲೆ ಒಂದೊಂದು ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ. ಒಂದು ಹನಿ ನಾಯಿಯದು, ಒಂದು ಧೂಳುಹುಳದ್ದು, ಒಂದು ಪಾರ್ಥೇನಿಯಂದು, ಹೀಗೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ. ಏನೂ ಇಲ್ಲದ ಹನಿಗೆ ಹೋಲಿಸಿದರೆ 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ದದ್ದು ಎದ್ದರೆ ಪಾಸಿಟಿವ್. ಇದಕ್ಕೆ ಸುಮಾರು ಒಂದು ವಾರ ಮೊದಲೇ ಸಿಟ್ರಿಜಿನ್ ತರದ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ಯಾವುದನ್ನು, ಎಷ್ಟು ದಿನ ಅಂತ ಡಾಕ್ಟರ್ ಹೇಳುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಟೆಸ್ಟ್‌ಗೆ ಹೋದರೆ ಕೈ ಮೇಲೆ ಏನೂ ಏಳುವುದಿಲ್ಲ. ನೀವು ಖುಷಿಯಾಗಿ ನಾಯಿ ತರುತ್ತೀರಿ.

ಎರಡನೆಯದು ನಾಯಿಗೇ ಸಂಬಂಧಿಸಿದ ಸ್ಪೆಸಿಫಿಕ್ ಐಜಿಇ ರಕ್ತಪರೀಕ್ಷೆ. ಮಾತ್ರೆ ನಿಲ್ಲಿಸಲು ಆಗದವರಿಗೆ, ಮೈತುಂಬ ಇಸುಬು ಇರುವವರಿಗೆ ಇದೇ ಒಳ್ಳೆಯದು.

ದಾವಣಗೆರೆಯ ಎರಡು ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು, ಎದೆರೋಗ, ಚರ್ಮ ವಿಭಾಗ ಇವೆ. ಹೋಗುವ ಮೊದಲು ಫೋನ್ ಮಾಡಿ ಪ್ರಿಕ್ ಟೆಸ್ಟ್ ಯಾವ ದಿನ ಮಾಡುತ್ತಾರೆ ಕೇಳಿ. ಚಳ್ಳಕೆರೆ, ಹೊಸದುರ್ಗದಿಂದ ಬಸ್ ಹತ್ತಿ ಬರುವವರಿಗಂತೂ ಈ ಒಂದು ಕರೆ ಒಂದು ದಿನ ಉಳಿಸುತ್ತದೆ.

ನಾಯಿಗೆ ಪಾಸಿಟಿವ್ ಬಂದರೆ ಇನ್ನೊಂದು ಪ್ರಶ್ನೆ ಕೇಳಿ. ನಾಯಿಯ ಅಲರ್ಜಿ ಅಂದರೆ ಒಂದೇ ವಸ್ತು ಅಲ್ಲ. ಜೊಲ್ಲು, ಮೈಹೊಟ್ಟು (ಚರ್ಮದಿಂದ ಉದುರುವ ಸಣ್ಣ ಪುಡಿ), ಮೂತ್ರದಲ್ಲಿ ಬರುವ ಹಲವು ಪ್ರೋಟೀನ್‌ಗಳಿವೆ. ಮುಖ್ಯವಾದದ್ದು ಕ್ಯಾನ್ ಎಫ್ 1. ಅದರ ಜೊತೆ ಕ್ಯಾನ್ ಎಫ್ 5 ಅಂತ ಒಂದಿದೆ. ಅದು ತಯಾರಾಗುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ನಾಯಿ ಅಲರ್ಜಿ ಇರುವ ಕೆಲವರ ದೇಹ ಈ ಒಂದಕ್ಕೇ ಸಿಡುಕುತ್ತದೆ. ಅಂಥವರಿಗೆ ಹೆಣ್ಣು ನಾಯಿ ಒಗ್ಗುವ ಸಾಧ್ಯತೆ ಇದೆ. ಬೀಜ ಒಡೆಸಿದ ಗಂಡಿನಲ್ಲೂ ಇದರ ಪ್ರಮಾಣ ಇಳಿಯುತ್ತದೆ. ಇದನ್ನು ಬಿಡಿಸಿ ನೋಡುವ ರಕ್ತಪರೀಕ್ಷೆಗೆ ಕಾಂಪೊನೆಂಟ್ ಟೆಸ್ಟ್ ಅನ್ನುತ್ತಾರೆ. ಎಲ್ಲ ಲ್ಯಾಬ್‌ನಲ್ಲೂ ಸಿಗುವುದಿಲ್ಲ, ಖರ್ಚೂ ಇದೆ. ಆದರೂ ಮರಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ ಅನ್ನುವುದು ನನ್ನ ಲೆಕ್ಕ.

## ಹಂತ 3: ನಾಯಿ ಬರುವ ಮೊದಲೇ ಮನೆ ಸರಿಮಾಡಿ

ಮಲಗುವ ಕೋಣೆಗೆ ನಾಯಿ ಬರಬಾರದು. ಒಂದು ದಿನವೂ ಬರಬಾರದು. ‘ಇವತ್ತು ಗುಡುಗು, ಪಾಪ ಹೆದರಿದೆ’ ಅಂದ ರಾತ್ರಿಯೇ ನಿಯಮ ಮುರಿಯುತ್ತದೆ. ದಿನದ ಏಳೆಂಟು ಗಂಟೆ ನೀವು ಆ ಕೋಣೆಯ ಗಾಳಿಯನ್ನೇ ಕುಡಿಯುವುದು. ನಾನು ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದೆ. ಮಕ್ಕಳು ಬಾಗಿಲು ಹಾಕುತ್ತಾರೆ ಅಂತ ನಂಬುವುದಕ್ಕಿಂತ ಸ್ಪ್ರಿಂಗ್ ನಂಬುವುದು ಮೇಲು.

ನಮ್ಮ ಊರಿನ ಮನೆಗಳಲ್ಲಿ ಒಂದು ಅನುಕೂಲ ಇದೆ. ರೆಡ್‌ಆಕ್ಸೈಡ್, ಟೈಲ್ಸ್, ಗ್ರಾನೈಟ್ ಯಾವುದೇ ಇರಲಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಚ್ಛ. ಜಮಖಾನ, ಕಾರ್ಪೆಟ್, ಬಟ್ಟೆ ಹೊದಿಸಿದ ಸೋಫಾ, ದಪ್ಪ ಪರದೆ ಇವು ಮೈಹೊಟ್ಟಿನ ಗೋದಾಮು. ಅಜ್ಜಿ ಕಾಲದ ಕೌದಿ, ಚಳ್ಳಕೆರೆ ಕಂಬಳಿ ಎಸೆಯಿರಿ ಅನ್ನುತ್ತಿಲ್ಲ. ಒಗೆದು ಬಿಸಿಲಿಗೆ ಹಾಕಿ, ಟ್ರಂಕಿನಲ್ಲಿಡಿ. ದಿವಾನದ ಮೇಲೆ ಮಾತ್ರ ಹಾಸಬೇಡಿ, ನಾಯಿ ಮೊದಲು ಹತ್ತುವುದೇ ಅಲ್ಲಿಗೆ.

ಒಣ ಕಸಬರಿಗೆಯಲ್ಲಿ ಗುಡಿಸುವುದು ನಿಲ್ಲಲಿ. ನೆಲದ ಮೇಲಿದ್ದದ್ದನ್ನು ಮೂಗಿನ ಎತ್ತರಕ್ಕೆ ಏರಿಸುವ ಕೆಲಸ ಅದು. ಒದ್ದೆ ಮಾಪ್ ಹಾಕಿ. ಫ್ಯಾನಿನ ರೆಕ್ಕೆ ಮೇಲಿನ ಧೂಳನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆಯಲ್ಲಿ ನೀರಿನ ಕೂಲರ್ ಹಚ್ಚುವವರು ಅದರ ಹುಲ್ಲಿನ ಪ್ಯಾಡ್ ಬದಲಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಹಳೇ ಪ್ಯಾಡಿನ ಬೂಸ್ಟು ಕೂಡ ಸೀನು ತರಿಸುತ್ತದೆ.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಹೆಪಾ ಫಿಲ್ಟರ್ (ಅತಿ ಸಣ್ಣ ಧೂಳನ್ನೂ ಹಿಡಿಯುವ ಜಾಲರಿ) ಇರುವುದು, ನಿಮ್ಮ ಮಲಗುವ ಕೋಣೆಯ ಅಳತೆಗೆ ಸಾಲುವುದು ನೋಡಿ. ಅಲ್ಲೇ ಇಡಿ. ನಾಯಿ ಹಾಸಿಗೆ ಮೇಲೆ ಮಲಗಲಿ, ಮೂಲೆಯಲ್ಲಿ ಮಷೀನ್ ಓಡಲಿ ಅನ್ನುವ ಆಸೆ ಬೇಡ.

ಇದಾದ ಮೇಲೆ ಒಂದು ವಾರ ಸುಮ್ಮನೆ ಇರಿ. ನೋಟ್‌ಬುಕ್ ಬರೆಯುತ್ತಿರಿ. ನಾಯಿ ಇಲ್ಲದೆಯೇ ಸೀನು ಅರ್ಧಕ್ಕೆ ಇಳಿದರೆ ಆಶ್ಚರ್ಯ ಬೇಡ. ಆ ಅರ್ಧ ಧೂಳಿನದ್ದಾಗಿತ್ತು.

## ಹಂತ 4: ಯಾವ ನಾಯಿ ಅಂತ ಈಗ ಯೋಚಿಸಿ

‘ಅಲರ್ಜಿ ಬರದ ತಳಿ’ ಅನ್ನುವುದು ಮಾರುವವರ ಮಾತು. ಕೂದಲಿಗೆ ಅಲರ್ಜಿ ಆಗುವುದಲ್ಲ, ಕೂದಲಿಗೆ ಅಂಟಿದ ಜೊಲ್ಲು, ಹೊಟ್ಟಿಗೆ ಆಗುವುದು. ಕೂದಲು ಉದುರದ ನಾಯಿಗೂ ಚರ್ಮ ಇದೆ, ನಾಲಿಗೆ ಇದೆ. 2011ರಲ್ಲಿ ಅಮೆರಿಕದ ಮನೆಗಳ ಧೂಳಿನಲ್ಲಿ ಕ್ಯಾನ್ ಎಫ್ 1 ಅಳೆದವರಿಗೆ ಈ ತಳಿಗಳ ಮನೆಗೂ ಬೇರೆ ತಳಿಗಳ ಮನೆಗೂ ವ್ಯತ್ಯಾಸ ಸಿಗಲಿಲ್ಲ. 2012ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ‘ಅಲರ್ಜಿ ಕಡಿಮೆ’ ಅನ್ನುವ ಪೂಡಲ್, ಲ್ಯಾಬ್ರಡೂಡಲ್‌ಗಳ ಕೂದಲಲ್ಲಿ ಕ್ಯಾನ್ ಎಫ್ 1 ಜಾಸ್ತಿಯೇ ಕಂಡಿತು. ಒಂದೇ ತಳಿಯ ಎರಡು ನಾಯಿಗಳ ನಡುವೆಯೇ ಅಜಗಜಾಂತರ ಇರುತ್ತದೆ. ಹಾಗಾಗಿ ತಳಿ ಆರಿಸಬೇಡಿ, ಒಂದು ನಾಯಿಯನ್ನು ಆರಿಸಿ. ಆ ಒಂದು ನಾಯಿ ನಿಮಗೆ ಒಗ್ಗುತ್ತದಾ ಅನ್ನುವುದು ಮಾತ್ರ ಪ್ರಶ್ನೆ.

ಆದರೂ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಕೆಲವು ಲೆಕ್ಕ ಇವೆ.

ಗಾತ್ರ. ಚಿಕ್ಕ ಮೈ, ಕಡಿಮೆ ಹೊಟ್ಟು. ಇದಕ್ಕಿಂತ ದೊಡ್ಡ ಕಾರಣ ನೀರು. ಅಲರ್ಜಿ ಇರುವ ಮನೆಯಲ್ಲಿ ನಾಯಿಗೆ ವಾರಕ್ಕೆ ಎರಡು ಸ್ನಾನ ಬೇಕಾಗುತ್ತದೆ. ಚಿಕ್ಕ ನಾಯಿಗೆ ಎರಡು ಬಕೆಟ್ ಸಾಕು, ಲ್ಯಾಬ್ರಡಾರ್‌ಗೆ ಆರು. ನಲ್ಲಿ ನೀರು ಎಂದೋ ಒಮ್ಮೆ ಬರುವ ಬಡಾವಣೆಯಲ್ಲಿ ಆರು ಬಕೆಟ್ ಅಂದರೆ ಯಾರು ಮಾಡುತ್ತಾರೆ? ಎರಡನೇ ತಿಂಗಳಿಗೆ ಸ್ನಾನ ನಿಲ್ಲುತ್ತದೆ.

ವಯಸ್ಸು. ನನ್ನ ಸಲಹೆ, ಒಂದೂವರೆ ವರ್ಷ ದಾಟಿದ ನಾಯಿ. ಮರಿಯ ಜೊತೆ ಪರೀಕ್ಷೆ ಮಾಡಿದರೆ ನೀವು ಪರೀಕ್ಷಿಸಿದ್ದು ಒಂದು, ಮನೆಯಲ್ಲಿ ಬೆಳೆಯುವುದು ಇನ್ನೊಂದು. ಮರಿಯ ಮೈ ದೊಡ್ಡದಾಗುತ್ತದೆ, ಕೂದಲು ಬದಲಾಗುತ್ತದೆ, ಗಂಡಾದರೆ ಪ್ರಾಯಕ್ಕೆ ಬಂದ ಮೇಲೆ ಕ್ಯಾನ್ ಎಫ್ 5 ಶುರುವಾಗುತ್ತದೆ. ನನ್ನ ಮೊದಲ ಮರಿ ನಾಲ್ಕು ತಿಂಗಳವರೆಗೆ ಏನೂ ತೊಂದರೆ ಕೊಟ್ಟಿರಲಿಲ್ಲ.

ಹೆಣ್ಣೋ ಗಂಡೋ. ನಮ್ಮಲ್ಲಿ ಎಲ್ಲರಿಗೂ ಗಂಡು ಮರಿಯೇ ಬೇಕು. ಬೀದಿಗೆ ಬೀಳುವುದು ಹೆಣ್ಣು ಮರಿಗಳು. ಪರೀಕ್ಷೆಯಲ್ಲಿ ಕ್ಯಾನ್ ಎಫ್ 5 ಮಾತ್ರ ಬಂದವರಿಗೆ ಯಾರೂ ಬೇಡ ಅಂದ ಆ ಹೆಣ್ಣು ನಾಯಿಯೇ ಸರಿಯಾದ ಆಯ್ಕೆ. ಎರಡನೇ ಸಲ ನಮ್ಮ ಮನೆಗೆ ಬಂದದ್ದೂ ಹಾಗೆ ಸಿಕ್ಕಿದ ಒಂದು ಬೀದಿ ನಾಯಿ.

ಹವೆ. ಹಸ್ಕಿ, ಸಮಾಯ್ಡ್‌ನಂಥ ದಪ್ಪ ಕೂದಲಿನವು ನಮ್ಮ ಬೇಸಿಗೆಯಲ್ಲಿ ಮನೆಯೊಳಗೇ, ಫ್ಯಾನ್ ಕೆಳಗೇ ಇರಬೇಕು. ಅಂದರೆ ನಿಮ್ಮ ಪಕ್ಕದಲ್ಲೇ ಇಡೀ ದಿನ. ಮುಖ ಚಪ್ಪಟೆ ಇರುವ ಪಗ್, ಶಿಹ್‌ಟ್ಜುಗಳಿಗೂ ಬಿಸಿಲು ಆಗದು. ನಾಡುನಾಯಿ ಜಗಲಿಯಲ್ಲಿ, ಬೇವಿನ ನೆರಳಿನಲ್ಲಿ ಹಾಯಾಗಿ ಇರುತ್ತದೆ. ನಾಯಿ ಹೊರಗೆ ಇದ್ದಷ್ಟು ಹೊತ್ತು ನಿಮ್ಮ ಮೂಗಿಗೆ ಬಿಡುವು. ಮುಧೋಳ ನಾಯಿಗೂ ಬಿಸಿಲು ಒಗ್ಗುತ್ತದೆ, ಕೂದಲೂ ಗಿಡ್ಡ. ಆದರೆ ಅದು ಓಡಲು ಹುಟ್ಟಿದ್ದು. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಕಟ್ಟಿಹಾಕಬೇಡಿ.

## ಹಂತ 5: ಅದೇ ನಾಯಿಯನ್ನು ಮೂರು ಸಲ ಭೇಟಿ ಮಾಡಿ

ಒಂದು ಸಲ ಎತ್ತಿ ಮುದ್ದಾಡಿ ‘ನೋಡಿ, ಏನೂ ಆಗಲಿಲ್ಲ’ ಅನ್ನುವುದು ಎಲ್ಲರೂ ಮಾಡುವ ತಪ್ಪು. ಅಲರ್ಜಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಕೆಲವೇ ನಿಮಿಷದಲ್ಲಿ. ಎರಡನೆಯದು ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ, ಅಂದರೆ ನೀವು ಊಟ ಮಾಡಿ ಮಲಗಿದಾಗ. ಅದಕ್ಕೇ ಭೇಟಿಗಳ ನಡುವೆ ಮೂರು ದಿನ ಅಂತರ ಇರಲಿ. ಡಾಕ್ಟರ್ ಒಪ್ಪಿದರೆ ಅಲರ್ಜಿ ಮಾತ್ರೆ ನಿಲ್ಲಿಸಿ ಹೋಗಿ. ಅಸ್ತಮಾದ ದಿನನಿತ್ಯದ ಇನ್‌ಹೇಲರ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತಕ್ಷಣದ ಇನ್‌ಹೇಲರ್ ಜೇಬಿನಲ್ಲಿರಲಿ.

ಮೊದಲ ಭೇಟಿ ಬಯಲಿನಲ್ಲಿ, ಇಪ್ಪತ್ತು ನಿಮಿಷ. ಸುಮ್ನೆ ಪಕ್ಕದಲ್ಲಿ ಕೂರಿ, ಬೆನ್ನು ಸವರಿ. ಕಣ್ಣು ಮುಟ್ಟಿಕೊಳ್ಳಬೇಡಿ.

ಎರಡನೆಯದು ಕೋಣೆಯೊಳಗೆ, ಒಂದು ಗಂಟೆ. ಈ ಸಲ ಮಣಿಕಟ್ಟಿನ ಒಳಭಾಗ ನೆಕ್ಕಲು ಬಿಡಿ. ಹದಿನೈದು ನಿಮಿಷ ನೋಡಿ. ಮಣಿಕಟ್ಟು ಕೆಂಪಾಗಿ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದರೆ ಈ ನಾಯಿಯ ಜೊಲ್ಲು ನಿಮಗೆ ಆಗದು. ನಾನು ನೋಡಿದ ಮೂರು ನಾಯಿಗಳಲ್ಲಿ ಎರಡನ್ನು ಇಲ್ಲೇ ಬಿಟ್ಟೆ. ಒಂದು ನೆಕ್ಕಿದ ಜಾಗದಲ್ಲಿ ನಾಲಿಗೆಯ ಗುರುತು ಗೆರೆ ಎಳೆದ ಹಾಗೆ ಎದ್ದಿತ್ತು. ಹಿಂದೆ ಮುಖ ಊದಿಕೊಂಡ, ಉಸಿರು ಕಟ್ಟಿದ ಅನುಭವ ಇದ್ದವರು ಈ ಪ್ರಯೋಗ ಮನೆಯಲ್ಲಿ ಮಾಡಬೇಡಿ.

ಮೂರನೆಯದು ಎರಡು ಗಂಟೆ. ಹೊರಡುವಾಗ ಹಳೇ ಟವೆಲಿನಿಂದ ನಾಯಿಯ ಕುತ್ತಿಗೆ, ಬೆನ್ನು ಚೆನ್ನಾಗಿ ಉಜ್ಜಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ತನ್ನಿ. ಮಾರನೇ ದಿನ ಸಂಜೆ ಪಡಸಾಲೆಯಲ್ಲಿ ನೀವು ಕೂರುವ ಕುರ್ಚಿ ಮೇಲೆ ಹಾಸಿ. ದಿಂಬಿನ ಮೇಲೆ ಬೇಡ. ನಾಯಿಯ ಮುಖ ಕಾಣದೆ, ಖುಷಿಯ ಗಡಿಬಿಡಿ ಇಲ್ಲದೆ ನಿಮ್ಮ ಮೂಗು ಏನನ್ನುತ್ತದೆ ಅಂತ ಗೊತ್ತಾಗುತ್ತದೆ.

ಪ್ರತಿ ಸಲ ಮೂರು ಹೊತ್ತು ಬರೆದಿಡಿ: ಭೇಟಿಯ ನಂತರ, ರಾತ್ರಿ, ಮರುದಿನ ಬೆಳಿಗ್ಗೆ. ಮನೆಯ ಎಲ್ಲರೂ ಭೇಟಿ ಮಾಡಬೇಕು. ‘ಅವಳಿಗೆ ಏನೂ ಆಗಲ್ಲ ಬಿಡಿ’ ಅಂತ ಮನೆಯವರು ಅಂದಿದ್ದ ಸೊಸೆಗೇ ಕೊನೆಗೆ ಉಬ್ಬಸ ಬಂದ ಮನೆ ನನಗೆ ಗೊತ್ತು.

## ಹಂತ 6: ಹದಿನೈದು ದಿನ ಮನೆಯಲ್ಲಿ ಇಟ್ಟುಕೊಳ್ಳಿ

ಮೂರು ಭೇಟಿ ದಾಟಿದ ನಾಯಿಯನ್ನು ಮಾತ್ರ ಮನೆಗೆ ತನ್ನಿ, ಅದೂ ಸಾಲಕ್ಕೆ. ಬೀದಿ ನಾಯಿ ಸಾಕಿ ಮನೆ ಹುಡುಕುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಾರುವವರು ಒಪ್ಪುವುದು ಕಡಿಮೆ, ಒಪ್ಪದಿದ್ದರೆ ನಾನಾದರೆ ಅಲ್ಲಿ ಕೊಳ್ಳುವುದಿಲ್ಲ.

ಜನವರಿ-ಫೆಬ್ರವರಿ ಒಳ್ಳೆಯ ಕಾಲ. ಮೆಕ್ಕೆಜೋಳದ ಧೂಳು ಇಳಿದಿರುತ್ತದೆ, ಆಷಾಢದ ಗಾಳಿ ದೂರ. ಈ ಹದಿನೈದು ದಿನ ಮನೆಗೆ ಸುಣ್ಣಬಣ್ಣ ಬೇಡ, ಹೊಸ ಊದುಬತ್ತಿ ಬೇಡ, ಲೋಬಾನದ ಹೊಗೆ ಬೇಡ. ಒಂದು ಹೊಸದು ಮಾತ್ರ ಇರಲಿ, ನಾಯಿ.

ಪೀಕ್ ಫ್ಲೋ ಮೀಟರ್ ಇದ್ದವರು ನಾಯಿ ಬರುವ ಹಿಂದಿನ ವಾರಗಳಲ್ಲಿ ದಿನಾ ಊದಿ ನಿಮ್ಮ ಅತಿ ಒಳ್ಳೆಯ ಸಂಖ್ಯೆ ಗುರುತು ಹಾಕಿಕೊಳ್ಳಿ. ಅದು 400 ಅಂತಿಟ್ಟುಕೊಳ್ಳಿ. ನಾಯಿ ಬಂದ ಮೇಲೆ ಬೆಳಿಗ್ಗೆ, ಸಂಜೆ ಊದಿ. ಶೇಕಡಾ 80ಕ್ಕಿಂತ ಕೆಳಗೆ, ಅಂದರೆ 320ರ ಕೆಳಗೆ ಇಳಿದರೆ ಎಚ್ಚರ, ಡಾಕ್ಟರಿಗೆ ತಿಳಿಸಿ. ಶೇಕಡಾ 50, ಅಂದರೆ 200ರ ಕೆಳಗಾದರೆ ಕೂತು ಯೋಚಿಸುವ ಸಮಯವಲ್ಲ, ಆಸ್ಪತ್ರೆಗೆ ಹೋಗುವ ಸಮಯ.

ಸಾಮಾನ್ಯ ತಪ್ಪು: ಮಾತ್ರೆ ನುಂಗುತ್ತಾ ಪರೀಕ್ಷೆ ಮಾಡುವುದು. ನಾನು ಮೊದಲ ಸಲ ದಿನಾ ಒಂದು ಸಿಟ್ರಿಜಿನ್ ನುಂಗಿ ‘ಹೊಂದಿಕೊಳ್ಳುತ್ತಿದ್ದೇನೆ’ ಅಂದುಕೊಂಡಿದ್ದೆ. ಮೂಗು ಸುಮ್ಮನಿತ್ತು. ಒಂದು ರಾತ್ರಿ ಎರಡು ಗಂಟೆಗೆ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸುಂಯ್ ಅನ್ನುವ ಸದ್ದಿಗೆ ಎಚ್ಚರವಾಯಿತು. ಮರಿ ಕಾಲ ಹತ್ತಿರ ಮಲಗಿತ್ತು.

## ಹಂತ 7: ಈಗ ಮಾತುಕತೆ, ದುಡ್ಡು

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಮರಿಯನ್ನೇ ತರುವುದಾದರೆ ಎಂಟು ವಾರ ತುಂಬಿರಲಿ. ಅದಕ್ಕಿಂತ ಚಿಕ್ಕದನ್ನು ಮಾರುವುದನ್ನು 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳೇ ತಡೆಯುತ್ತವೆ. ಮಾರುವವರ ನೋಂದಣಿ ಪತ್ರ ಕೇಳಿ. ಲಸಿಕೆ ಪುಸ್ತಕ ನೋಡಿ. ‘ಅಲರ್ಜಿ ಆದರೆ ಇಷ್ಟು ದಿನದೊಳಗೆ ವಾಪಸ್’ ಅಂತ ಒಂದು ಸಾಲು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

## ಹಂತ 8: ಮೊದಲ ಮೂರು ತಿಂಗಳ ದಿನಚರಿ

ಸ್ನಾನ ವಾರಕ್ಕೆ ಎರಡು ಸಲ. ಸ್ನಾನದಿಂದ ಇಳಿದ ಅಲರ್ಜಿ ವಸ್ತು ಮೂರು ನಾಲ್ಕು ದಿನದಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಭಾನುವಾರ ಒಂದು ಸಲ ತೊಳೆದರೆ ಗುರುವಾರಕ್ಕೆ ಲಾಭ ಇಲ್ಲ. ನಿಮ್ಮ ಶಾಂಪೂ, ಬಟ್ಟೆ ಸೋಪು ಹಾಕಬೇಡಿ. ಚರ್ಮ ಒಣಗಿ ಹೊಟ್ಟು ಇನ್ನೂ ಜಾಸ್ತಿಯಾಗುತ್ತದೆ. ನಾಯಿಯದ್ದೇ ಮೃದು ಶಾಂಪೂ ಇರಲಿ. ತೊಳೆಯುವವರು, ಬಾಚುವವರು ಅಲರ್ಜಿ ಇಲ್ಲದವರಾಗಲಿ, ಕೆಲಸ ಹಿತ್ತಲಿನಲ್ಲಿ ಆಗಲಿ. ನೀರಿಲ್ಲದ ವಾರ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಏನೂ ಮಾಡದ್ದಕ್ಕಿಂತ ವಾಸಿ.

ನಾಯಿ ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಲಗುವ ಮೊದಲು ಬಟ್ಟೆ ಬದಲಿಸಿ. ಮೈಹೊಟ್ಟು ಬಟ್ಟೆಗೆ ಅಂಟಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಾಯಿ ಸಾಕದ ಮನೆಯಲ್ಲೂ, ಶಾಲೆಯ ಬೆಂಚಿನಲ್ಲೂ ಸಿಗುವುದು ಹೀಗೆಯೇ. ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ.

ನಾಯಿ ಜಾಸ್ತಿ ತುರಿಸಿಕೊಳ್ಳುತ್ತಿದ್ದರೆ, ಬೆನ್ನ ಮೇಲೆ ಬಿಳಿ ಹೊಟ್ಟು ಕಂಡರೆ ಪಶುವೈದ್ಯರಿಗೆ ತೋರಿಸಿ. ಅದರ ಚರ್ಮ ಕೆಟ್ಟರೆ ನಿಮ್ಮ ಮೂಗೂ ಕೆಡುತ್ತದೆ.

ಅಲರ್ಜಿ ಲಸಿಕೆ ಚಿಕಿತ್ಸೆ ಇದೆ. ಮೂರರಿಂದ ಐದು ವರ್ಷ ಹಿಡಿಯುತ್ತದೆ, ನಾಯಿ ಅಲರ್ಜಿಯಲ್ಲಿ ಫಲ ಎಲ್ಲರಿಗೂ ಒಂದೇ ತರ ಇಲ್ಲ. ತಜ್ಞರ ಜೊತೆ ಮಾತಾಡಿ. ಅದನ್ನು ನಂಬಿಕೊಂಡು ಒಗ್ಗದ ನಾಯಿ ತರಬೇಡಿ.

## ಎಚ್ಚರಿಕೆಯ ಗುರುತುಗಳು

ಸೀನು, ಕಣ್ಣು ತುರಿಕೆ ಸಹಿಸಬಹುದು. ಎದೆಗೆ ಇಳಿದದ್ದನ್ನು ಸಹಿಸಬಾರದು. ರಾತ್ರಿ ಒಣ ಕೆಮ್ಮು, ಮಹಡಿ ಹತ್ತಿದಾಗ ಎದೆ ಬಿಗಿತ, ಇನ್‌ಹೇಲರ್ ಮೊದಲಿಗಿಂತ ಬೇಗ ಮುಗಿಯುವುದು ಇವು ಕಂಡ ವಾರವೇ ಡಾಕ್ಟರ್ ಹತ್ತಿರ ಹೋಗಿ. ಚಿಕ್ಕ ಮಕ್ಕಳು ದಮ್ಮು ಅಂತ ಹೇಳುವುದಿಲ್ಲ. ಆಟದಿಂದ ಬೇಗ ವಾಪಸ್ ಬಂದು ಸುಮ್ಮನೆ ಕೂರುತ್ತಾರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತದೆ.

ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮುಖ-ನಾಲಿಗೆ ಊದಿದರೆ ಕೂಡಲೇ 108.

## ಒಗ್ಗಲೇ ಇಲ್ಲ ಅಂದರೆ

ಕೊಟ್ಟವರಿಗೇ ವಾಪಸ್ ಕೊಡಿ, ಇಲ್ಲವೇ ನಿಮಗೆ ಗೊತ್ತಿರುವ ಮನೆಗೆ ಕೊಡಿ. ಮನೆಯಲ್ಲಿ ಬೆಳೆದ ನಾಯಿಗೆ ರಿಂಗ್ ರೋಡಿನಲ್ಲಿ ಲಾರಿ ದಾಟಲು ಬರುವುದಿಲ್ಲ.

ನಾಯಿ ಹೋದ ಮರುದಿನವೇ ಮೂಗು ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಸೋಫಾ, ಹಾಸಿಗೆ, ಗೋಡೆಯಲ್ಲಿ ಕೂತದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಮರಿ ಹೊಳಲ್ಕೆರೆಗೆ ಹೋಗಿ ಎರಡು ತಿಂಗಳಾದ ಮೇಲೂ ದಿವಾನದ ಕುಶನ್ ಎತ್ತಿ ಕೊಡವಿದಾಗ ನನಗೆ ಸೀನು ಬಂದಿತ್ತು. ಎಲ್ಲವನ್ನೂ ಒಗೆದು, ಒರೆಸಿ, ನೋಟ್‌ಬುಕ್‌ನಲ್ಲಿ ಒಂದು ತಿಂಗಳು ಪೂರ್ತಿ ಸೀನಿಲ್ಲದ ದಿನಗಳು ಬಂದ ಮೇಲೆ ಇನ್ನೊಂದು ನಾಯಿಯ ಮೊದಲ ಭೇಟಿಗೆ ಹೋಗಿ. ಅದಕ್ಕಿಂತ ಮೊದಲು ಹೋದರೆ ಹಳೇ ನಾಯಿಯ ತಪ್ಪಿಗೆ ಹೊಸದನ್ನು ಬೇಡ ಅನ್ನುತ್ತೀರಿ.